ಏಣಿ ಗುರುತು, ಕೊಬ್ಬರಿ ಅಟ್ಟ

ನಮ್ಮ ಶಾಸಕರಿಗೆ ಆ ಸಲ ಪಕ್ಷದ ಟಿಕೆಟ್ ಸಿಗಲಿಲ್ಲ. ಪಕ್ಷೇತರರಾಗಿ ನಿಂತರು. ಸಿಕ್ಕ ಗುರುತು ಏಣಿ. ತೆಂಗಿನ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಗುರುತು ಬೇಕೆ ಎಂದು ನಾವೆಲ್ಲ ಕುಣಿದಾಡಿದೆವು. ಮನೆಮನೆಗೂ ಕೊಬ್ಬರಿ ಅಟ್ಟ, ಅಟ್ಟಕ್ಕೊಂದು ಏಣಿ. ಓಟುಳ್ಳವರು ಬೆಳಿಗ್ಗೆ ಎದ್ದು ಕಣ್ಣುಜ್ಜುವಾಗಲೇ ನಮ್ಮ ಗುರುತು ಎದುರಿಗಿರುತ್ತದೆ.

ನಾನು ತಿಪಟೂರಿನಲ್ಲಿ ಬಿ.ಎ. ಮುಗಿಸಿ, ಕೆಲಸ ಸಿಗದೆ, ಹೋಟೆಲಿನ ಬೆಂಚುಗಳನ್ನು ಸವೆಸುತ್ತಿದ್ದ ಕಾಲ ಅದು; ಎಂಬತ್ತರ ದಶಕದ ಮೊದಲ ವರ್ಷಗಳು. ಹುಡುಗನಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಗಂಟಲೂ ದೊಡ್ಡದು ಎಂಬ ಎರಡು ಅರ್ಹತೆಗಳ ಮೇಲೆ ನನ್ನನ್ನು ಪ್ರಚಾರಕ್ಕೆ ಸೇರಿಸಿಕೊಂಡಿದ್ದರು. ಕರಪತ್ರ ಬರೆಯುವುದು, ಜೀಪಿನಲ್ಲಿ ಕೂತು ಮೈಕಿನಲ್ಲಿ ಕೂಗುವುದು ನನ್ನ ಕೆಲಸ. ಶಾಸಕರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಅವರು ನನ್ನನ್ನು ಕರೆಯುತ್ತಿದ್ದುದು ‘ಬಿ.ಎ.’ ಎಂದೇ.

ಗುರುತನ್ನು ಕಣ್ಣಿಗೆ ಕಾಣುವಂತೆ ಹೊತ್ತು ತಿರುಗುವುದು ಆಗಿನ ಪದ್ಧತಿ. ತಕ್ಕಡಿ ಗುರುತಿನವರು ತಕ್ಕಡಿ ತೂಗುತ್ತ ಬರುತ್ತಿದ್ದರು. ನಾವು ಮೊದಲ ದಿನ ನಿಜವಾದ ಬಿದಿರಿನ ಏಣಿಯನ್ನೇ ಜೀಪಿನ ಮೇಲೆ ಕಟ್ಟಿಕೊಂಡು ಹೊರಟೆವು. ಹಾಲ್ಕುರಿಕೆಯ ತಿರುವಿನಲ್ಲಿ ಅದರ ಬಾಲ ಒಂದು ಹೋಟೆಲಿನ ಗರಿ ಚಪ್ಪರಕ್ಕೆ ಸಿಕ್ಕಿ ಅರ್ಧ ಚಪ್ಪರ ನಮ್ಮ ಜೊತೆಗೇ ಬಂತು.

“ಓಟು ಕೇಳಕ್ ಬಂದ್ರೋ, ಚಪ್ಪರ ಕೀಳಕ್ ಬಂದ್ರೋ?” ಎಂದು ಹೋಟೆಲಿನಾತ ಸೌಟು ಹಿಡಿದು ಹೊರಗೆ ಬಂದ.

ಮಾರನೆಯ ದಿನ ನಮ್ಮ ಡ್ರೈವರ್ ಬೇಲಿಸಾಲಿನಿಂದ ಎರಡು ಕತ್ತಾಳೆ ಕಂಬ ಕಡಿದು ತಂದ. ಹೂ ಬಿಟ್ಟು ಒಣಗಿದ ಕತ್ತಾಳೆ ಕಂಬ ನೋಡಲು ಬಿದಿರು ಗಳುವಿನ ಹಾಗೆ, ಎತ್ತಿದರೆ ಬೆಂಡಿನ ಹಾಗೆ. ನಡುವೆ ಬಿದಿರಿನ ಸೀಳುಗಳನ್ನು ತೆಂಗಿನ ಹುರಿಯಲ್ಲಿ ಕಟ್ಟಿ, ಹಳದಿ ಬಣ್ಣ ಬಳಿದು, ಒಂದೇ ಕೈಯಲ್ಲಿ ಎತ್ತುವಂಥ ಏಣಿ ಮಾಡಿದ. “ನೋಡಕ್ ಮಾತ್ರ ಕಣ್ರೀ, ಹತ್ತಕ್ಕಲ್ಲ” ಎಂದು ನನಗೆ ಹೇಳಿದ್ದ. ದೂರದಿಂದ ನೋಡಿದವರಿಗೆ ಅದು ತಿಳಿಯುವಂತಿರಲಿಲ್ಲ.

ಇನ್ನು ನಮ್ಮ ಚುನಾವಣೆಗೆ ತೊಡಕಾದ ಇಬ್ಬರ ವಿಷಯ. ಶೆಟ್ಟಿಕೆರೆಯ ಹತ್ತಿರ ಅಜ್ಜಿಯೊಬ್ಬಳ ತೆಂಗಿನ ತೋಟವಿತ್ತು. ತೋಟದ ಮಧ್ಯೆ ಕಾಯಿ ಒಣಗಿಸುವ ಅಟ್ಟದ ಮನೆ. ಅಟ್ಟದ ಮೇಲೆ ಹನ್ನೊಂದು ತಿಂಗಳು ಸಿಪ್ಪೆಯ ಸಮೇತ ಕಾಯಿ ಮಲಗಿರುತ್ತದೆ. ಒಳಗಿನ ನೀರು ಆರಿ, ತಿರುಳು ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಿಟುಕ್ ಎನ್ನಬೇಕು. ಆಗ ಅದು ಕೊಬ್ಬರಿ. ಅಟ್ಟದ ಕೆಳಗಿನ ಮನೆಯಲ್ಲಿ ಇಬ್ಬರು ಗಂಡಸರು ವಾಸವಾಗಿದ್ದರು. ಒಬ್ಬ ಕಾಯಿ ಸುಲಿಯುವವನು, ಕೆಂಕೆರೆ ಕಡೆಯವನು. ಸುತ್ತಿನ ಹತ್ತು ಊರುಗಳಲ್ಲಿ ಅವನಷ್ಟು ಬೇಗ ಸುಲಿಯುವವರಿರಲಿಲ್ಲ. ಇನ್ನೊಬ್ಬ ದರ್ಜಿ. ಇಬ್ಬರಿಗೂ ನಲವತ್ತರ ಆಸುಪಾಸು. ಒಂದೇ ಒಲೆ, ಒಂದೇ ಚಾಪೆ. ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಲು ಆಗ ನಮ್ಮಲ್ಲಿ ಒಂದು ಮರ್ಯಾದೆಯ ಮಾತೂ ಇರಲಿಲ್ಲ, ಇದ್ದವೆಲ್ಲ ಬೈಗುಳ.

ಚುನಾವಣೆಗೆ ಮೂರು ವರ್ಷ ಮೊದಲು ಯಾರೋ ಮೂಗರ್ಜಿ ಬರೆದು, ಪೊಲೀಸರು ಇಬ್ಬರನ್ನೂ ಹಿಡಿದುಕೊಂಡು ಹೋದರು. ಅವತ್ತು ನಾನು ಕಳೆದುಹೋದ ಸೈಕಲ್ಲಿನ ದೂರು ಕೊಡಲು ಠಾಣೆಯ ಬೆಂಚಿನ ಮೇಲೆ ಕೂತಿದ್ದೆ. ಯಜಮಾನರು ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ ಬಂದರು.

“ಯಾರ್ರೀ ಕಂಪ್ಲೇಂಟ್ ಕೊಟ್ಟೋರು?”

“ಹೆಸರಿಲ್ಲ ಸಾರ್, ಮೂಗರ್ಜಿ” ಎಂದರು ಸಬ್ ಇನ್ಸ್‌ಪೆಕ್ಟರು.

“ಹೆಸರಿಲ್ದೋನ್ ಮಾತು ಕೇಳಿ ಹೆಸರಿರೋರನ್ನ ಒಳಗೆ ಹಾಕಿದೀರಲ್ರೀ.”

“ಇಬ್ಬರೂ ಗಂಡ ಹೆಂಡ್ತಿ ಥರ ಅವ್ರಂತೆ ಸಾರ್.”

“ಗಂಡ ಹೆಂಡ್ತಿ ಥರ ಅಂದ್ರೆ? ದಿನಾ ಜಗಳ ಆಡ್ತಾರೇನ್ರೀ?”

ಪೇದೆಯೊಬ್ಬ ನಕ್ಕುಬಿಟ್ಟ. ಇನ್ಸ್‌ಪೆಕ್ಟರು ಅವನನ್ನು ದುರುಗುಟ್ಟಿ ನೋಡಿದರು. ಯಜಮಾನರು ಇಬ್ಬರಿಗೂ ತಾವೇ ಹೊಣೆ ಎಂದು ಬರೆದು ರುಜು ಹಾಕಿ ಕರೆದುಕೊಂಡು ಹೋದರು. ನನ್ನ ಸೈಕಲ್ಲು ಸಿಗಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಜನ ಮರೆಯುತ್ತಿದ್ದರೇನೋ. ಮುಂದಿನ ತಿಂಗಳು ತಾಲ್ಲೂಕು ಕಚೇರಿಯಲ್ಲಿ ನಿಂತು ಇಬ್ಬರ ಹೆಸರನ್ನೂ ಒಂದೇ ರೇಷನ್ ಕಾರ್ಡಿಗೆ ಬರೆಸಿದರು. ಸಂಬಂಧ ಅನ್ನುವ ಕಡೆ ಏನು ಬರೀಲಿ ಸಾರ್ ಎಂದು ಗುಮಾಸ್ತ ಕೇಳಿದನಂತೆ. “ಒಲೆ ಎಷ್ಟು?” ಎಂದರಂತೆ ಇವರು. ಒಂದು ಎಂದ. “ಕಾರ್ಡೂ ಒಂದು. ಬರೀರಿ.” ಯಾಕೆ ಹೀಗೆ ಮಾಡಿದರು ಎಂಬುದಕ್ಕೆ ಊರಿನಲ್ಲಿ ನೂರು ಕಾರಣಗಳಿದ್ದವು. ಅವರ ತೋಟದ ಕಾಯಿ ಸುಲಿಯಲು ಆಳು ಬೇಕಿತ್ತು ಎಂದರು ಕೆಲವರು. ಅವರ ಜುಬ್ಬಾದ ಕುತ್ತಿಗೆ ಪಟ್ಟಿಯನ್ನು ಸರಿಯಾಗಿ ಹೊಲಿಯಲು ಬರುತ್ತಿದ್ದುದು ಆ ದರ್ಜಿಗೆ ಮಾತ್ರ ಎಂದರು ಇನ್ನು ಕೆಲವರು. ನಾನೇ ಒಮ್ಮೆ ಕೇಳಿದ್ದಕ್ಕೆ, “ನಂಗೂ ಅದು ತಿಳಿಯಲ್ಲ ಕಣಯ್ಯ ಬಿ.ಎ. ತಿಳಿಯದಿರೋದಕ್ಕೆಲ್ಲ ದೊಣ್ಣೆ ಎತ್ತಕ್ಕಾಗ್ತದಾ?” ಎಂದು ಎಲೆ ಅಡಿಕೆ ಹಾಕಿಕೊಂಡರು.

ಚುನಾವಣೆ ಬಂದಾಗ ಆ ರೇಷನ್ ಕಾರ್ಡೇ ಎದುರಾಳಿಗಳ ಮೈಕಿಗೆ ಊಟವಾಯಿತು. ಇವರು ಕಟ್ಟಿಸಿದ ಶಾಲೆ, ತೋಡಿಸಿದ ಬಾವಿ, ತಂದ ಬಸ್ಸು ಯಾವುದರ ಸುದ್ದಿಯೂ ಇಲ್ಲ. “ಏಣಿಗೆ ಓಟು ಹಾಕಿ, ಊರಿಗೊಂದು ಅಂಥ ಜೋಡಿ ಪಡೀರಿ” ಎಂದು ಸಂತೆಯ ನಡುವೆ ಕೂಗಿದರು. ನಗದಿದ್ದವರು ಕಡಿಮೆ. ನಮ್ಮ ಪ್ರಚಾರದ ಉಸ್ತುವಾರಿ ಹೊತ್ತಿದ್ದವರು ನಿವೃತ್ತ ಮೇಷ್ಟ್ರೊಬ್ಬರು. ಊರೂರಿನ ಓಟನ್ನು ಬೆರಳ ಗೆಣ್ಣಿನಲ್ಲಿ ಎಣಿಸುವವರು. ಅವರು ಒಂದು ಬೆಳಿಗ್ಗೆ ಗಾಬರಿಯಿಂದ ಬಂದರು.

“ಹಾಲ್ಕುರಿಕೆ ಕಡೆ ಕೈ ಬಿಡ್ತಾ ಐತೆ. ಹೆಂಗಸ್ರು ಮುಖ ತಿರುವ್ತಾವ್ರೆ. ಒಂದು ಕರಪತ್ರ ಹಾಕಾಣ. ಅವರಿಗೂ ನಮಗೂ ಸಂಬಂಧವಿಲ್ಲ ಅಂತ. ಕೆಳಗೆ ಅವರಿಬ್ಬರ ಸಹಿ. ಓಟಾಗೋವರೆಗೆ ಅರಸೀಕೆರೆಗೋ ಎಲ್ಲಿಗೋ ಹೋಗಿರ್ಲಿ.”

ಯಜಮಾನರು ಹೂಂ ಎನ್ನಲಿಲ್ಲ, ಉಹುಂ ಎನ್ನಲಿಲ್ಲ. ಮಂಡಿ ಸವರಿಕೊಂಡು, “ನೋಡ್ರಪ್ಪ” ಎಂದು ಎದ್ದು ಹೋದರು. ಮೇಷ್ಟ್ರು ಅದನ್ನು ಹೂಂ ಎಂದು ತಿಳಿದರು. ನಾನೂ ಹಾಗೇ ತಿಳಿದೆ; ಹಾಗೆ ತಿಳಿಯುವುದು ನನಗೆ ಅನುಕೂಲವಾಗಿತ್ತು. ಕೂತು ಬರೆದೆ. ‘ಸದರಿ ವ್ಯಕ್ತಿಗಳು ನಮ್ಮ ಅಭ್ಯರ್ಥಿಯವರ ಪರಿಚಿತರೂ ಅಲ್ಲ, ಆಶ್ರಿತರೂ ಅಲ್ಲ’ ಎಂಬ ವಾಕ್ಯ ಬಂದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಆ ಇಬ್ಬರು ಸಹಿ ಹಾಕಿದ ಮೇಲೆ ಯಾರ ನೆರಳಿನಲ್ಲಿ ಬದುಕಬೇಕು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಸಂತೆಯ ದಿನ, ಮಧ್ಯಾಹ್ನ ಮೂರರ ಬಿಸಿಲಿನಲ್ಲಿ, ಆ ಇಬ್ಬರ ಸಹಿ ಹಾಕಿಸಲು ನಾನೂ ಡ್ರೈವರೂ ಜೀಪಿನಲ್ಲಿ ಅಜ್ಜಿಯ ತೋಟಕ್ಕೆ ಹೋದೆವು. ನಾನು ಮಾಡಿದ ದಡ್ಡತನ ಅದೇ. ಏಣಿ ಕಟ್ಟಿಕೊಂಡು, ಮೈಕಿನ ಕೊಂಬು ಇಟ್ಟುಕೊಂಡು, ಎದುರಾಳಿಗಳ ಮೈಕು ಕೆರಳಿಸಿಟ್ಟಿದ್ದ ಸಂತೆಯ ಎದುರಿನಿಂದಲೇ ಹಾದು ಹೋದೆವು. ನಡೆದು ಹೋಗಿದ್ದರೆ ಯಾರೂ ನೋಡುತ್ತಿರಲಿಲ್ಲ.

ಸುಲಿಯುವವನು ಮನೆಯೊಳಗೆ ಬಾಗಿಲ ಬಳಿಯೇ ಕೆಲಸದಲ್ಲಿದ್ದ. ಸುಲಿಯುವ ಹಾರೆ ಗೊತ್ತಲ್ಲ, ಮೊಳಕಾಲೆತ್ತರಕ್ಕೆ ನೆಲದಲ್ಲಿ ನೆಟ್ಟ ಕಬ್ಬಿಣ. ತುದಿ ಮೇಲಕ್ಕೆ, ಈಟಿಯ ಹಾಗೆ. ಅದಕ್ಕೆ ಕಾಯಿ ಚುಚ್ಚಿ ತಿರುವಿದರೆ ಸಿಪ್ಪೆ ಬಿಡುತ್ತದೆ. ಅಟ್ಟದಿಂದ ಕಾಯಿ ಉರುಳಿಸಲು ಸಲೀಸೆಂದು ಹಾರೆಯನ್ನು ಅಟ್ಟದ ಬಾಯಿಯ ನೇರ ಕೆಳಗೇ ನೆಟ್ಟಿದ್ದರು. ದರ್ಜಿ ಮಿಷನ್ ನಿಲ್ಲಿಸಿ ನನ್ನ ಕಾಗದ ಓದಿದ. ಅವನು ಓದುಬರಹ ಬಲ್ಲವನು.

“ಪರಿಚಿತರೂ ಅಲ್ಲ ಅಂತ ಬರ್ದಿದೀರಿ. ಹೋದ ವಾರ ಅವರ ಜುಬ್ಬಾಕ್ಕೆ ಅಳತೆ ತಗೊಂಡೀನಲ್ಲ ಸ್ವಾಮಿ.”

“ಸಹಿ ಹಾಕ್ಬುಡು ಕಣ್ಲಾ” ಎಂದ ಸುಲಿಯುವವನು. “ಯಜಮಾನ್ರು ನಮ್ಮಿಂದ ಸೋಲಬಾರ್ದು.”

“ಹಾಕಿದ್ಮೇಲೆ ನಮ್ಮನ್ನ ಇಲ್ಲಿ ಇರಕ್ ಬುಡ್ತಾರಾ? ಇವತ್ತಿನವರೆಗೆ ಅವರ ಹೆಸರು ಬಾಗಿಲಿಗೆ ಚಿಲಕ ಇದ್ದಂಗೆ ಇತ್ತು.”

ಅಷ್ಟರಲ್ಲಿ ಡ್ರೈವರ್ ಓಡಿ ಬಂದ. “ಜನ ಬತ್ತಾವ್ರೆ! ಮೂವತ್ತೋ ನಲವತ್ತೋ! ದೊಣ್ಣೆ ಐತೆ!” ಎಂದವನೇ ಹಿಂದಿನ ಬೇಲಿ ಹಾರಿ ಮಾಯವಾದ. ಓಡಿದ್ದಕ್ಕೆ ಅವನನ್ನು ಎಷ್ಟೋ ದಿನ ಬೈದೆ. ಯಜಮಾನರನ್ನು ಕರೆತರಲು ಓಡಿದ ಎಂಬುದು ಆಮೇಲೆ ತಿಳಿಯಿತು.

ನಾವು ಮೂವರು ಅಟ್ಟ ಹತ್ತಿ ಮನೆಯ ಏಣಿಯನ್ನು ಮೇಲಕ್ಕೆಳೆದುಕೊಂಡೆವು. ಮೂರು ಸಾವಿರ ಕಾಯಿಗಳ ನಡುವೆ ಮಲಗಿದೆವು. ನಾನು ಮೊಣಕೈ ಸರಿಸಿದರೆ ಗಿಟುಕ್. ಉಸಿರು ಜೋರಾಗಿ ಬಿಟ್ಟರೆ ಎಲ್ಲೋ ಒಂದು ಗಿಟುಕ್. ದರ್ಜಿ ನನ್ನ ಹೆಗಲು ಒತ್ತಿ ಹಿಡಿದ. ಕೆಳಗೆ ಜನ ನುಗ್ಗಿದರು. ಹೊಲಿಗೆ ಮಿಷನ್ ಉರುಳಿಸಿದ ಸದ್ದಾಯಿತು. ದರ್ಜಿಯ ಬೆರಳುಗಳು ನನ್ನ ಹೆಗಲಿನಲ್ಲಿ ಹೂತವು.

“ಮೇಲವ್ರೆ ಕಣ್ರಲಾ! ಹೊಗೆ ಹಾಕ್ರಿ, ಇಳೀತಾರೆ!”

“ಏ, ಅಟ್ಟದಲ್ಲಿ ಕೊಬ್ರಿ ಐತೆ ಕಣ್ಲಾ. ಹೊಗೆ ಹಿಡಿದ್ರೆ ಕಪ್ಪಾಗ್ತದೆ.”

“ಅಜ್ಜಿದು ಇನ್ನೊಂದು ತಿಂಗಳಿಗೆ ಇಳಿಸೋ ಮಾಲು. ಪಾಪ ಬತ್ತದೆ.”

ಹೊಗೆಯ ಮಾತು ಅಲ್ಲಿಗೆ ನಿಂತಿತು. ನಮ್ಮ ಸೀಮೆಯ ಜನ ಮನುಷ್ಯರ ಮೇಲೆ ಕೈ ಮಾಡಿಯಾರು, ಅಟ್ಟದ ಕೊಬ್ಬರಿಗೆ ಹೊಗೆ ಹಾಕಲಾರರು. ಬದುಕಿದೆವು ಎಂದುಕೊಂಡೆ. ಆಗ ಯಾರೋ ಹೊರಗಿನಿಂದ ಕೂಗಿದ.

“ಜೀಪಿನ ಮೇಲೆ ಏಣಿ ಐತಲ್ರಲಾ!”

ಎಲ್ಲರೂ ಹೋ ಎಂದು ನಕ್ಕರು. ಏಣಿ ಒಳಗೆ ಬಂತು, ಅಟ್ಟದ ಬಾಯಿಗೆ ಒರಗಿತು. ಅದು ಕತ್ತಾಳೆಯದು ಎಂದು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ಎಷ್ಟು ಮೆಟ್ಟಿಲು ತಡೆದೀತು? ಒಂದು, ಎರಡು. ಹಾಳಾದ್ದು ತಡೆಯಿತು. ಮೂರು, ನಾಲ್ಕು. ಡ್ರೈವರ್ ಇಷ್ಟು ಚೆನ್ನಾಗಿ ಯಾಕೆ ಕಟ್ಟಿದನೋ ಎಂದು ಮನಸ್ಸಿನಲ್ಲೇ ಶಪಿಸಿದೆ. ಅಟ್ಟದ ಅಂಚಿನಲ್ಲಿ ಒಂದು ತಲೆ ಮೂಡಿತು. ನನ್ನ ಜೊತೆ ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದ ಸಹಪಾಠಿ. ಕೈಯಲ್ಲಿ ಕುಡುಗೋಲು.

“ನೀನೇನ್ಲಾ ಇಲ್ಲಿ?” ಎಂದ, ನಿಜವಾಗಿ ಆಶ್ಚರ್ಯಪಟ್ಟು. ಅದಕ್ಕೆ ಉತ್ತರ ಹುಡುಕುವುದರೊಳಗೆ ಕುಡುಗೋಲು ಬೀಸಿದ. ನನಗೇ ಬೀಸಿದನೋ, ನನ್ನ ಹಿಂದಿದ್ದವರಿಗೋ, ಇವತ್ತಿಗೂ ಗೊತ್ತಿಲ್ಲ. ಅದು ಸುಲಿಯುವವನ ಮುಂಗೈ ಸೀಳಿ, ನನ್ನ ಕಿವಿಯ ಪಕ್ಕದ ಕಾಯಿಯ ಸಿಪ್ಪೆಯಲ್ಲಿ ಕಚ್ಚಿಕೊಂಡಿತು. ಬೀಸಿದ ರಭಸಕ್ಕೆ ಏಣಿ ಲಟಕ್ಕೆಂದು ನಡುವಿಗೆ ಮುರಿಯಿತು.

ಇದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಬಸ್ಸಿನಲ್ಲಿ ಕೂತಾಗ, ಹಲ್ಲುಜ್ಜುವಾಗ, ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ. ಕುಡುಗೋಲು ಎರಡು ಬೆರಳು ಈಚೆಗೆ ಬಂದಿದ್ದರೆ? ಏಣಿ ಇನ್ನೊಂದು ಮೆಟ್ಟಿಲು ತಡೆದಿದ್ದರೆ? ಅವೆರಡನ್ನೂ ದಾಟಿ ಪ್ರತಿ ಸಲ ಒಂದೇ ಕಡೆ ಬಂದು ನಿಲ್ಲುತ್ತೇನೆ: ಸಹಪಾಠಿ ಎರಡು ಕೈಯಲ್ಲಿ ಅಟ್ಟದ ತೊಲೆ ಹಿಡಿದು ಜೋತಾಡುತ್ತಿದ್ದಾನೆ, ಅವನ ನೇರ ಕೆಳಗೆ ಹಾರೆಯ ತುದಿ ಹೊಳೆಯುತ್ತಿದೆ. ನಾನು ನೋಡುತ್ತಿದ್ದೇನೆ. ಕೈ ನೀಡಿದವನು ನಾನಲ್ಲ.

“ಹಾರೆ ಐತೆ ಕೆಳಗೆ! ಕೈ ಬುಡಬ್ಯಾಡ ಕಣ್ಲಾ, ಬುಡಬ್ಯಾಡ!” ಎಂದು ಕೂಗಿ, ಸುಲಿಯುವವನು ರಕ್ತ ಸುರಿಯುವ ಕೈಯಿಂದಲೇ ಅವನ ಮಣಿಕಟ್ಟು ಹಿಡಿದ. ಇನ್ನೊಂದು ಕೈಯನ್ನು ದರ್ಜಿ ಹಿಡಿದ. ಕೆಳಗಿದ್ದವರಿಗೆ ಆಗ ಹಾರೆ ಕಂಡಿತು. ಆಮೇಲೆ ನಾಲ್ಕಾರು ಜನ ಅವನ ಕಾಲು ಹಿಡಿದು ಪಕ್ಕಕ್ಕೆಳೆದು ಇಳಿಸಿಕೊಂಡರು. ಇಳಿದವನು ಗೋಡೆಗೊರಗಿ ಕೂತು ವಾಂತಿ ಮಾಡಿಕೊಂಡ.

ಯಜಮಾನರು ಬಂದದ್ದು ಆಗ, ಯಾರದೋ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು. ಅವರ ಹಿಂದೆ ಅಜ್ಜಿ. ಅಜ್ಜಿ ಮೊದಲು ಅಟ್ಟದ ಕಡೆ ನೋಡಿದಳು, ಆಮೇಲೆ ರಕ್ತದ ಕಡೆ. “ನನ್ನ ತೋಟಕ್ಕೆ ಹೇಳದೆ ಕೇಳದೆ ನುಗ್ಗಕ್ಕೆ ಇದೇನು ನಿಮ್ಮತ್ತೆ ಮನೆಯೇನ್ರಲಾ?” ಎಂದು ಶುರು ಮಾಡಿದಳು. ಗುಂಪಿನಲ್ಲಿದ್ದ ಒಬ್ಬ ವಯಸ್ಸಾದವನು ಅವಳನ್ನು ದಾಟಿ ಯಜಮಾನರ ಮುಂದೆ ನಿಂತ.

“ಇರ್ಲಿ ಬುಡಿ, ಆಗಿದ್ದು ಆಯ್ತು. ನೀವೇ ಹೇಳ್ಬುಡಿ ಯಜಮಾನ್ರೇ. ಇವರು ನಿಮ್ಮೋರಾ, ಅಲ್ವಾ? ಅಲ್ಲ ಅಂದ್ರೆ ನಾವು ಈಗ್ಲೇ ಹೋಗ್ತೀವಿ, ಓಟೂ ನಿಮಗೇ.”

ನನ್ನ ಜೇಬಿನಲ್ಲಿ ಕರಪತ್ರವಿತ್ತು. ನಲವತ್ತು ಜನ, ಅವರ ಮನೆಗಳು, ಅವರ ನೆಂಟರು. ಮೇಷ್ಟ್ರ ಬೆರಳಿನ ಲೆಕ್ಕದಲ್ಲಿ ಒಂದು ಊರೇ ಆಗುತ್ತದೆ. ಯಜಮಾನರು ಟವೆಲಿನಿಂದ ಕತ್ತು ಒರೆಸಿಕೊಂಡರು. ಮಳೆ ಬಂದಿಲ್ಲವಲ್ಲ ಎಂದೇನೋ ಶುರು ಮಾಡಿದರು, ಅರ್ಧಕ್ಕೆ ನಿಲ್ಲಿಸಿದರು. ಅಟ್ಟದ ಬಾಯಿಯಲ್ಲಿ ಕಾಣುತ್ತಿದ್ದ ನಮ್ಮ ಮೂರು ಮುಖಗಳನ್ನು ನೋಡಿದರು.

“ಠಾಣೆಯಿಂದ ಬಿಡಿಸಿದೋನು ನಾನೇ ಕಣ್ರಪ್ಪ. ಕಾರ್ಡು ಕೊಡಿಸಿದೋನೂ ನಾನೇ. ನಾಳೆ ಹಿಡಿದ್ರೂ ಹೋಗ್ತೀನಿ. ಇನ್ನೇನು ಕೇಳ್ಬೇಕು ಕೇಳಿ.”

ಜನ ಒಬ್ಬೊಬ್ಬರಾಗಿ ಹೊರಟರು.

ಸುಲಿಯುವವನನ್ನು ಚಿಕ್ಕನಾಯಕನಹಳ್ಳಿಯ ಆಸ್ಪತ್ರೆಗೆ ಜೀಪಿನಲ್ಲಿ ಕರೆದೊಯ್ದೆವು. ಹೊಲಿಗೆ ಹಾಕುವಾಗ ಅವನು ಕಿರುಚಲಿಲ್ಲ, ದರ್ಜಿ ಮಾತ್ರ ಡಾಕ್ಟರಿಗೆ “ಇಷ್ಟು ದೂರದೂರ ಹಾಕಿದ್ರೆ ಹೆಂಗೆ ಸ್ವಾಮಿ?” ಎಂದು ತಕರಾರು ತೆಗೆದ. ವಾಪಸು ಬರುವಾಗ ಯಜಮಾನರು ನನ್ನ ಕಡೆ ತಿರುಗಿದರು. “ಬಿ.ಎ., ಎಷ್ಟು ಓಟು ಹೋಯ್ತು ಅಂತೀಯ?” ಎಂದರು. ನಾನು ಏನೋ ಸಮಾಧಾನ ಹೇಳಿದೆ. “ಹೋಯ್ತು ಬುಡು. ಶೆಟ್ಟಿಕೆರೆ ಹೋಯ್ತು, ಹಾಲ್ಕುರಿಕೆ ಹೋಯ್ತು” ಎಂದು ತಾವೇ ಎಣಿಸುತ್ತ ಬಂದರು. ಧೈರ್ಯ ಮಾಡಿದ ಮೇಲೆ ಹೆದರುವ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು.

ಸೋತರು. ರೇಷನ್ ಕಾರ್ಡಿನಿಂದಲೇ ಸೋತೆವು ಎಂದು ಮೇಷ್ಟ್ರು ಬಹಳ ದಿನ ಹೇಳಿಕೊಂಡು ತಿರುಗಿದರು. ಪಕ್ಷ ಬಿಟ್ಟು ನಿಂತವರು ಆ ಸಲ ನಮ್ಮ ಸುತ್ತಮುತ್ತ ಎಲ್ಲ ಕಡೆಯೂ ಸೋತಿದ್ದರು. ಅದನ್ನು ಹೇಳಿದರೆ ಅವರಿಗೆ ಕೋಪ ಬರುತ್ತಿತ್ತು.

ಯಜಮಾನರ ಕೈಯಲ್ಲಿ ಏನೂ ಇಲ್ಲವೆಂದು ಗೊತ್ತಾದ ವಾರವೇ ಊರಿನ ಇಬ್ಬರು ಹಿರಿಯರು ಅಜ್ಜಿಗೆ ಹೇಳಿ ಕಳಿಸಿದರು: ಮುಂದಿನ ಸಂತೆಯೊಳಗೆ ಆ ಇಬ್ಬರೂ ಜಾಗ ಖಾಲಿ ಮಾಡಬೇಕು. ಅಷ್ಟು ಹೊತ್ತಿಗೆ ಸುಲಿಯಲು ಕರೆಯುವವರೂ ನಿಂತುಹೋಗಿದ್ದರು. ದರ್ಜಿಗೆ ಬಟ್ಟೆ ಬರುತ್ತಿರಲಿಲ್ಲ. ನಾನು ಕ್ಷಮೆ ಕೇಳಲೆಂದು ಹೋದ ದಿನ ಇಬ್ಬರೂ ಮಿಷನ್ನನ್ನು ಗೋಣಿಯಲ್ಲಿ ಸುತ್ತಿ ಕಟ್ಟುತ್ತಿದ್ದರು. ಕರಪತ್ರದ ವಿಷಯ ಎತ್ತಿದರೆ, “ಆ ಗಂಟು ಇನ್ನೊಸಿ ಬಿಗಿ ಹಿಡ್ಕೊಳ್ಳಿ ಸ್ವಾಮಿ” ಎಂದ ದರ್ಜಿ.

ಸಂತೆಯ ದಿನ ಬೆಳಿಗ್ಗೆ ಯಜಮಾನರು ಬಸ್ಸಿನಲ್ಲಿ ಬಂದರು. ಜೀಪು ಬಾಡಿಗೆಯದಾಗಿತ್ತು, ಹೋಗಿತ್ತು. ಯಾರಿಗೂ ಏನೂ ಹೇಳದೆ ಅಟ್ಟದ ಮನೆಯ ಜಗಲಿಯ ಮೇಲೆ ಪೇಪರ್ ಬಿಡಿಸಿಕೊಂಡು ಕೂತರು. ಹತ್ತು ಗಂಟೆಯ ಹೊತ್ತಿಗೆ ಹಿರಿಯರಿಬ್ಬರೂ ಬಂದರು. ಇವರನ್ನು ನೋಡಿ ತಡವರಿಸಿದರು.

“ಏನ್ ಯಜಮಾನ್ರೇ, ಈ ಕಡೆ?”

“ಮನೇಲಿ ಸೊಳ್ಳೆ ಕಣಪ್ಪ. ಇಲ್ಲಿ ನೆರಳು ಚೆನ್ನಾಗೈತೆ.”

ಅವರು ಕೊಬ್ಬರಿ ಮಾರುಕಟ್ಟೆಯ ಮಾತಾಡಿ, ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು ಹೊರಟುಹೋದರು. ಮುಂದಿನ ಸಂತೆಯ ದಿನವೂ ಅವರು ಬಂದರು, ಇವರೂ ಬಂದಿದ್ದರು. ಅದರ ಮುಂದಿನ ವಾರವೂ. ನಾನೂ ಹೋಗಿ ಕೂರುತ್ತಿದ್ದೆ; ನನಗೆ ಬೇರೆ ಕೆಲಸವೂ ಇರಲಿಲ್ಲ. ಮಿಷನ್ನು ಗೋಣಿಯೊಳಗೇ ಇತ್ತು. ನಾಲ್ಕನೇ ವಾರ ಹಿರಿಯರಲ್ಲಿ ಒಬ್ಬರು ಮಾತ್ರ ಬಂದರು. ಐದನೇ ವಾರ ಯಾರೂ ಬರಲಿಲ್ಲ. ಮಧ್ಯಾಹ್ನದವರೆಗೆ ಕಾದು, ಮುದ್ದೆ ಉಂಡು, ಯಜಮಾನರು ಎದ್ದರು.

“ಇನ್ನು ಬರಲ್ಲ ಕಣಮ್ಮ. ಆ ಬಸ್ಸು ಸೊಂಟ ಮುರೀತದೆ” ಎಂದರು ಅಜ್ಜಿಗೆ.

ಅವರನ್ನು ಬಸ್ಸು ಹತ್ತಿಸಲು ಸುಲಿಯುವವನು ಜೊತೆಗೆ ಹೊರಟ. ಆ ಘಟನೆಯಾದ ಮೇಲೆ ಅವನು ಸಂತೆಯ ನಡುವೆ ಹಾಯುತ್ತಿದ್ದುದು ಅದೇ ಮೊದಲು. ನಾನು ಹಿಂದೆ ಹಿಂದೆ ನಡೆದೆ. ಜನ ನೋಡಿದರು, ಪಿಸುಗುಟ್ಟಿದರು, ದಾರಿ ಬಿಟ್ಟರು. ಬೆಲ್ಲದ ಅಂಗಡಿಯ ಮುಂದೆ ದೊಡ್ಡ ತೋಟದವನೊಬ್ಬ ಅವನನ್ನು ತಡೆದ.

“ಏನ್ಲಾ, ಕೈ ವಾಸಿಯಾಯ್ತಾ? ಕಾಯಿ ಇಳಿಸೀವಿ. ನಾಳಿದ್ದು ಸುಲಿಯಕ್ ಬತ್ತೀಯಾ?”

ಅವನು ಯೋಚಿಸುವವನಂತೆ ಸ್ವಲ್ಪ ಹೊತ್ತು ತೆಂಗಿನ ಗರಿಗಳ ಕಡೆ ನೋಡಿದ.

“ಬತ್ತೀನಿ ಬುಡಿ. ಆದ್ರೆ ನಾಳಿದ್ದಾಗಲ್ಲ, ಬೇರೆಯೋರಿಗೆ ಮಾತು ಕೊಟ್ಟಿವ್ನಿ. ಸೋಮವಾರ ಆದ್ರೆ ನೋಡಾಣ.”

“ಆಯ್ತು, ಸೋಮವಾರ್ವೇ ಬಾರಪ್ಪ” ಎಂದ ತೋಟದವನು.

ನಾಳಿದ್ದು ಅವನನ್ನು ಯಾರೂ ಕರೆದಿರಲಿಲ್ಲ. ಯಜಮಾನರು ಬಸ್ಸಿನ ಕಡೆ ಮುಖ ಮಾಡಿಕೊಂಡು ಟವೆಲಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಅವರ ಹೆಗಲು ನಗುವಿಗೆ ಕುಲುಕುತ್ತಿತ್ತು.